ಯಂತ್ರ ತಯಾರಕರ ಸೈಬರ್ ಭದ್ರತೆ ಹೋಲಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಯಂತ್ರ ಕೊಳ್ಳುವಾಗ ವೇಗ, ನಿಖರತೆ, ಕರೆಂಟ್ ಖರ್ಚು, ಬಿಡಿಭಾಗ ಎಷ್ಟು ದಿನದಲ್ಲಿ ಸಿಗುತ್ತದೆ ಅನ್ನುವುದನ್ನೆಲ್ಲ ಅಳೆದು ತೂಗಿ ನೋಡುತ್ತೇವೆ. ಭದ್ರತೆಯ ವಿಷಯ ಬಂದಾಗ ಮಾತ್ರ "ಸರ್ಟಿಫಿಕೇಟ್ ಇದೆಯಾ?" "ಇದೆ" ಅನ್ನುವಲ್ಲಿಗೆ ಮಾತು ಮುಗಿದುಹೋಗುತ್ತದೆ. ಇಬ್ಬರು ಮೂವರು ತಯಾರಕರನ್ನು ಪಕ್ಕಪಕ್ಕ ಇಟ್ಟು ನೋಡಬೇಕಾದ ಖರೀದಿ ವಿಭಾಗದವರು, ಮೇಂಟೆನೆನ್ಸ್‌ನವರು, ಐಟಿಯವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳು ಇವು.

ಹೋಲಿಸುವುದು ಅಂದರೆ ನಿಜವಾಗಿ ಏನನ್ನು ಹೋಲಿಸಬೇಕು?

ಮೂರು ಬೇರೆ ಬೇರೆ ವಿಷಯಗಳಿವೆ. ಇವು ಕಲಸಿಹೋದರೆ ಹೋಲಿಕೆ ಅಲ್ಲೇ ಕೆಟ್ಟಿತು.

ಒಂದು, ತಯಾರಕರ ಸ್ವಂತ ಮನೆ. ಅವರ ಆಫೀಸು, ಸರ್ವರ್, ಇಮೇಲ್, ಡಿಸೈನ್ ಫೈಲುಗಳು. 2019ರ ಅಕ್ಟೋಬರ್‌ನಲ್ಲಿ ಸುರಕ್ಷತಾ ರಿಲೇ (ಅಪಾಯ ಬಂದಾಗ ಯಂತ್ರ ನಿಲ್ಲಿಸುವ ಸಾಧನ) ಮಾಡುವ ಜರ್ಮನಿಯ ಪಿಲ್ಜ್ ಕಂಪನಿಗೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಹೊಡೆಯಿತು. ಎಲ್ಲ ದೇಶಗಳಲ್ಲೂ ಅವರ ಸರ್ವರ್, ಪಿಸಿ, ಸಂಪರ್ಕ ವ್ಯವಸ್ಥೆಗೆ ಪೆಟ್ಟು ಬಿತ್ತು. ಗಿರಾಕಿಗಳ ಪ್ಯಾನೆಲ್ ಒಳಗಿದ್ದ ರಿಲೇಗಳು ಮಾತ್ರ ತಮ್ಮ ಪಾಡಿಗೆ ಕೆಲಸ ಮಾಡುತ್ತಲೇ ಇದ್ದವು.

ಎರಡು, ನಿಮಗೆ ಮಾರುವ ಯಂತ್ರ. ಅದರ ಪಿಎಲ್‌ಸಿ (ಯಂತ್ರ ನಡೆಸುವ ಕಂಟ್ರೋಲರ್), ಎಚ್‌ಎಂಐ (ಆಪರೇಟರ್ ಬಳಸುವ ಪರದೆ), ಡ್ರೈವ್ (ಮೋಟಾರ್ ನಿಯಂತ್ರಿಸುವ ಸಾಧನ), ಅವುಗಳೊಳಗಿನ ಫರ್ಮ್‌ವೇರ್ (ಸಾಧನದ ಒಳಗೇ ಕೂತ ಸಾಫ್ಟ್‌ವೇರ್). 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಘಟಕವೊಂದರಲ್ಲಿ ಟ್ರೈಟನ್ ಅನ್ನುವ ಮಾಲ್‌ವೇರ್ ಶ್ನೈಡರ್ ಎಲೆಕ್ಟ್ರಿಕ್‌ನ ಟ್ರೈಕೋನೆಕ್ಸ್ ಸುರಕ್ಷತಾ ಕಂಟ್ರೋಲರ್ ಒಳಗೇ ಕೈಹಾಕಿತು. ಇದು ಯಂತ್ರದ ಮಟ್ಟದ ಕಥೆ. ಅಲ್ಲಿ ಕಂಟ್ರೋಲರ್ ಮೇಲಿನ ಕೀ, ಪ್ರೋಗ್ರಾಂ ಬದಲಿಸಲು ಬಿಡುವ 'ಪ್ರೋಗ್ರಾಂ' ಸ್ಥಾನದಲ್ಲೇ ಉಳಿದಿತ್ತು, 'ರನ್'ಗೆ ತಿರುಗಿಸಿರಲಿಲ್ಲ. ತಯಾರಕರು ಕೊಟ್ಟ ರಕ್ಷಣೆಯನ್ನು ಬಳಸದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಮೂರು, ಇವೆರಡನ್ನೂ ಕೂಡಿಸುವ ದಾರಿ. ರಿಮೋಟ್ ಸರ್ವಿಸ್, ಅಪ್‌ಡೇಟ್ ಫೈಲು, ಸರ್ವಿಸ್ ಎಂಜಿನಿಯರ್ ತರುವ ಲ್ಯಾಪ್‌ಟಾಪ್. ತಯಾರಕರ ಮನೆಗೆ ನುಗ್ಗಿದವರು ನಿಮ್ಮ ಯಂತ್ರದ ತನಕ ಬರಬಹುದಾ ಇಲ್ಲವಾ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಒಬ್ಬರು ಒಂದರಲ್ಲಿ ಗಟ್ಟಿ ಇದ್ದು ಇನ್ನೊಂದರಲ್ಲಿ ಪೊಳ್ಳಾಗಿರಬಹುದು. ಮೂರನ್ನೂ ಬೇರೆ ಬೇರೆ ನೋಡಿ.

ಇಂಟರ್‌ನೆಟ್‌ನಲ್ಲಿ ಕಂಪನಿಗಳಿಗೆ ಭದ್ರತಾ ಸ್ಕೋರ್ ಕೊಡುವ ಸೇವೆಗಳಿವೆ. ಅದನ್ನೇ ನೋಡಿದರೆ ಸಾಲದಾ?

ಸಾಲದು. ಬಿಟ್‌ಸೈಟ್, ಸೆಕ್ಯುರಿಟಿ ಸ್ಕೋರ್‌ಕಾರ್ಡ್ ಥರದ ಸೇವೆಗಳು ಬಹುಪಾಲು ಹೊರಗಿನಿಂದ ಕಾಣುವುದನ್ನು ಅಳೆಯುತ್ತವೆ: ವೆಬ್ ಸರ್ವರ್ ಹಳೆಯದಾ, ಇಮೇಲ್ ಸೆಟ್ಟಿಂಗ್ ಸರಿ ಇದೆಯಾ, ಬೇಡದ ಪೋರ್ಟ್ ತೆರೆದಿದೆಯಾ, ಸೋರಿಹೋದ ಪಾಸ್‌ವರ್ಡ್‌ಗಳಲ್ಲಿ ಕಂಪನಿಯ ಹೆಸರಿದೆಯಾ. ಮೊದಲನೇ ವಿಷಯಕ್ಕೆ, ಅಂದರೆ ತಯಾರಕರ ಮನೆಯ ಬಗ್ಗೆ ತಿಳಿಯಲು ಇದು ಉಪಯೋಗ. ಪಿಎಲ್‌ಸಿ ಪ್ರೋಗ್ರಾಂ ಹೇಗೆ ಬರೆದಿದ್ದಾರೆ, ಫರ್ಮ್‌ವೇರ್‌ಗೆ ಡಿಜಿಟಲ್ ಸಹಿ (ಫೈಲನ್ನು ಯಾರೂ ತಿದ್ದಿಲ್ಲ ಅನ್ನುವ ಗುರುತು) ಇದೆಯಾ ಅನ್ನುವುದು ಅಲ್ಲಿ ಕಾಣುವುದೇ ಇಲ್ಲ. ದೊಡ್ಡ ಸಮೂಹದ ಕಂಪನಿಯಾದರೆ ಯಾವ ಡೊಮೇನ್ ಯಾರಿಗೆ ಸೇರಿದ್ದು ಅನ್ನುವುದೇ ಗೊಂದಲ, ಹಾಗಾಗಿ ಸ್ಕೋರ್ ಇನ್ಯಾರದೋ ತಪ್ಪಿಗೆ ಇಳಿದಿರಲೂಬಹುದು.

ನಾನು ಅದನ್ನು ನೋಡುವುದು ಒಂದೇ ಕಾರಣಕ್ಕೆ: ಒಂದು ವರ್ಷದಲ್ಲಿ ಸ್ಕೋರ್ ಸ್ಥಿರವಾಗಿದೆಯಾ, ಅಥವಾ ಸಮನೆ ಕುಸಿಯುತ್ತಿದೆಯಾ. ಕುಸಿಯುತ್ತಿದ್ದರೆ ಕೇಳಲು ಒಂದು ಒಳ್ಳೆ ಪ್ರಶ್ನೆ ಸಿಕ್ಕಿತು.

ಒಬ್ಬ ತಯಾರಕರ ಹೆಸರಲ್ಲಿ ನೂರಾರು ಭದ್ರತಾ ಲೋಪಗಳಿವೆ, ಇನ್ನೊಬ್ಬರ ಹೆಸರಲ್ಲಿ ಒಂದೂ ಇಲ್ಲ. ಎರಡನೆಯವರೇ ವಾಸಿ ಅಲ್ವಾ?

ಇದೇ ಎಲ್ಲರೂ ಎಡವುವ ಜಾಗ. ಉತ್ತರ ಸಾಮಾನ್ಯವಾಗಿ ತಿರುಗುಮುರುಗು.

ಲೋಪಗಳಿಗೆ ಸಿವಿಇ ಅನ್ನುವ ನಂಬರ್ ಕೊಡುತ್ತಾರೆ. ಸೀಮೆನ್ಸ್, ಶ್ನೈಡರ್ ಎಲೆಕ್ಟ್ರಿಕ್, ಎಬಿಬಿ, ರಾಕ್‌ವೆಲ್, ಮಿತ್ಸುಬಿಷಿ ಎಲೆಕ್ಟ್ರಿಕ್ ಥರದವರಿಗೆ ತಮ್ಮ ಉತ್ಪನ್ನಗಳ ಲೋಪಕ್ಕೆ ತಾವೇ ಆ ನಂಬರ್ ಕೊಡುವ ಅಧಿಕಾರವಿದೆ. ಸೀಮೆನ್ಸ್, ಶ್ನೈಡರ್ ಇಬ್ಬರೂ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಸೂಚನೆಗಳನ್ನು ಹೊರಬಿಡುತ್ತಾರೆ. ಹೀಗೆ ತಿಂಗಳು ತಿಂಗಳು ಬರೆದರೆ ಪಟ್ಟಿ ಉದ್ದವಾಗಲೇಬೇಕು. ಹುಡುಕುವವರಿದ್ದಾರೆ, ಸಿಕ್ಕಿದ್ದನ್ನು ಹೇಳುವವರಿದ್ದಾರೆ ಅಂತ ಅದರರ್ಥ. ಇಪ್ಪತ್ತು ವರ್ಷದಿಂದ ನೆಟ್‌ವರ್ಕ್‌ಗೆ ಸೇರುವ ಯಂತ್ರ ಮಾರುತ್ತಿದ್ದು ಒಂದೂ ಸೂಚನೆ ಬರೆದಿಲ್ಲ ಅಂದರೆ, ಬಹುಶಃ ಯಾರೂ ನೋಡಿಲ್ಲ. ಇಲ್ಲವೇ ನೋಡಿದವರು ಹೇಳಲು ಹೋದಾಗ ಫೋನ್ ಎತ್ತುವವರು ಇರಲಿಲ್ಲ.

ಎಣಿಸುವುದನ್ನು ಬಿಟ್ಟು ಒಂದು ಸೂಚನೆಯನ್ನು ತೆರೆದು ನಿಧಾನವಾಗಿ ಓದಿ. ಮೊದಲು ಯಾವ ಮಾಡೆಲ್, ಯಾವ ಫರ್ಮ್‌ವೇರ್ ಆವೃತ್ತಿಗೆ ತೊಂದರೆ ಅಂತ ಖಚಿತವಾಗಿ ಬರೆದಿದ್ದಾರಾ, ಅಥವಾ "ಕೆಲವು ಉತ್ಪನ್ನಗಳು" ಅಂತ ತೇಲಿಸಿದ್ದಾರಾ ನೋಡಿ. ಪ್ಯಾಚ್ (ಲೋಪ ಸರಿಪಡಿಸುವ ಅಪ್‌ಡೇಟ್) ಇದೆಯಾ? ಇಲ್ಲದಿದ್ದರೆ ಅಲ್ಲಿಯವರೆಗೆ ಏನು ಮಾಡಬೇಕು ಅಂತ ಹೇಳಿದ್ದಾರಾ? "ಫೈರ್‌ವಾಲ್ ಹಿಂದೆ ಇಡಿ" ಅನ್ನುವ ಒಂದೇ ಸಾಲು ಎಲ್ಲದಕ್ಕೂ ಅಂಟಿಸಿದ್ದರೆ ಕೆಲಸ ಮಾಡಿಲ್ಲ ಅಂತ ಲೆಕ್ಕ. ಕೆಳಗೆ ತಿದ್ದುಪಡಿಗಳ ಇತಿಹಾಸ ಇರುತ್ತದೆ: ಮೊದಲ ದಿನ ಒಂದು ಮಾಡೆಲ್‌ಗೆ ಪ್ಯಾಚ್, ಎರಡು ತಿಂಗಳಿಗೆ ಇನ್ನೆರಡಕ್ಕೆ, ಹೀಗೆ. ಆ ತಾರೀಕುಗಳೇ ನಿಜವಾದ ಮಾಹಿತಿ. ಲೋಪ ಪತ್ತೆ ಮಾಡಿದವರ ಹೆಸರು ಹೇಳಿ ಥ್ಯಾಂಕ್ಸ್ ಹೇಳಿದ್ದರೆ, ಹೊರಗಿನ ಸಂಶೋಧಕರ ಜೊತೆ ಅವರ ಸಂಬಂಧ ಚೆನ್ನಾಗಿದೆ ಅಂತಲೂ ಗೊತ್ತಾಗುತ್ತದೆ.

ಹಾಗಾದರೆ ಇಬ್ಬರನ್ನು ನೇರವಾಗಿ ಹೋಲಿಸಲು ದಾರಿಯೇ ಇಲ್ಲವಾ?

ಇದೆ. ನನಗೆ ತುಂಬ ಇಷ್ಟವಾದ ದಾರಿ ಇದು. ಎಲ್ಲರಿಗೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಸಿಕ್ಕ ಸಂದರ್ಭಗಳನ್ನು ಹುಡುಕಿ.

2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಲೋಪ ಬಯಲಾಯಿತು. ಜಾವಾದಲ್ಲಿ ಬರೆದ ಲೆಕ್ಕವಿಲ್ಲದಷ್ಟು ಸಾಫ್ಟ್‌ವೇರ್‌ಗಳೊಳಗೆ ಇದ್ದ ಒಂದು ಚಿಕ್ಕ ಲೈಬ್ರರಿಯ ತಪ್ಪು ಅದು. ಅವತ್ತು ಪ್ರತಿಯೊಬ್ಬ ತಯಾರಕರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ನಮ್ಮ ಯಾವ ಉತ್ಪನ್ನದಲ್ಲಿ ಇದಿದೆ? ತಮ್ಮ ಸಾಫ್ಟ್‌ವೇರ್ ಒಳಗೆ ಏನೇನಿದೆ ಅಂತ ಮೊದಲೇ ಪಟ್ಟಿ ಮಾಡಿಕೊಂಡಿದ್ದವರು ಕೆಲವೇ ದಿನಗಳಲ್ಲಿ "ಇವುಗಳಲ್ಲಿ ಇದೆ, ಇವುಗಳಲ್ಲಿ ಇಲ್ಲ, ಇವನ್ನು ಇನ್ನೂ ಪರೀಕ್ಷಿಸುತ್ತಿದ್ದೇವೆ" ಅಂತ ಬರೆದರು. ಪಟ್ಟಿ ಇಲ್ಲದವರು ಹುಡುಕಾಟ ಶುರುಮಾಡಬೇಕಾಯಿತು.

ಯಂತ್ರಗಳಿಗೆ ಇನ್ನೂ ಹತ್ತಿರದ ಉದಾಹರಣೆಗಳೂ ಇವೆ. 2019ರ ಜುಲೈನಲ್ಲಿ ವಿಎಕ್ಸ್‌ವರ್ಕ್ಸ್ ಆಪರೇಟಿಂಗ್ ಸಿಸ್ಟಮ್‌ನ 11 ಲೋಪಗಳು ಅರ್ಜೆಂಟ್/11 ಅನ್ನುವ ಹೆಸರಲ್ಲಿ ಹೊರಬಂದವು. 2020ರ ಜೂನ್‌ನಲ್ಲಿ ಟ್ರೆಕ್ ಅನ್ನುವ ನೆಟ್‌ವರ್ಕ್ ಸಾಫ್ಟ್‌ವೇರ್‌ನ 19 ಲೋಪಗಳು, ರಿಪಲ್20 ಹೆಸರಲ್ಲಿ. ಪಿಎಲ್‌ಸಿ ಪ್ರೋಗ್ರಾಂ ಓಡಿಸುವ ಕೋಡೆಸಿಸ್ ರನ್‌ಟೈಮ್ ಅಂತೂ ಎಷ್ಟೋ ಬ್ರ್ಯಾಂಡಿನ ಕಂಟ್ರೋಲರ್‌ಗಳ ಒಳಗೆ ಕೂತಿದೆ. ಅದರಲ್ಲಿ ಲೋಪ ಸಿಕ್ಕಾಗಲೆಲ್ಲ ಅಷ್ಟೂ ಜನ ಉತ್ತರ ಕೊಡಬೇಕು.

ಮಾಡಬೇಕಾದ್ದು ಇಷ್ಟೇ. ಈ ಮೂರು ನಾಲ್ಕು ಘಟನೆಗಳನ್ನು ಎಡಗಡೆ ಬರೆಯಿರಿ, ನಿಮ್ಮ ಪಟ್ಟಿಯ ತಯಾರಕರನ್ನು ಮೇಲೆ ಬರೆಯಿರಿ. ಲೋಪ ಬಯಲಾದ ದಿನದಿಂದ ಅವರು ಮೊದಲ ಮಾತು ಆಡಲು ಎಷ್ಟು ದಿನ, ಪ್ಯಾಚ್ ಕೊಡಲು ಎಷ್ಟು ದಿನ ಅಂತ ತುಂಬಿಸಿ. "ನಮಗೆ ತೊಂದರೆ ಇಲ್ಲ" ಅಂತ ಬರೆದವರಿಗೂ ಪೂರ್ತಿ ಅಂಕ ಕೊಡಿ, ಯಾಕೆಂದರೆ ಅದನ್ನು ಹೇಳಲು ಅವರು ನೋಡಿರಬೇಕು. ಏನೂ ಹೇಳದವರ ಖಾನೆ ಖಾಲಿ ಇರುತ್ತದೆ. ಅರ್ಧ ದಿನದ ಕೆಲಸ, ಯಾರ ಅನುಮತಿಯೂ ಬೇಡ. ನಾನು ಮಾಡಿದಾಗಲೆಲ್ಲ ಯಾರು ಹೇಗೆ ಅನ್ನುವುದು ಕಣ್ಣಿಗೆ ಹೊಡೆದ ಹಾಗೆ ಕಂಡಿದೆ.

ಐಇಸಿ 62443 ಸರ್ಟಿಫಿಕೇಟ್ ಇದ್ದರೆ ನಂಬಬಹುದಾ?

ಯಾವ ಭಾಗಕ್ಕೆ ಅಂತ ಕೇಳಿ. ಐಇಸಿ 62443 ಒಂದೇ ಮಾನದಂಡ ಅಲ್ಲ, ಕೈಗಾರಿಕಾ ನಿಯಂತ್ರಣ ವ್ಯವಸ್ಥೆಗಳ ಭದ್ರತೆಯ ಮಾನದಂಡಗಳ ಒಂದು ಸರಣಿ. 4-1 ಭಾಗ ಉತ್ಪನ್ನವನ್ನು ಸುರಕ್ಷಿತವಾಗಿ ಅಭಿವೃದ್ಧಿಪಡಿಸುವ ಪದ್ಧತಿಯ ಬಗ್ಗೆ. 4-2 ಒಂದೊಂದು ಬಿಡಿ ಸಾಧನದ ಬಗ್ಗೆ. 3-3 ಇಡೀ ವ್ಯವಸ್ಥೆಯ ಬಗ್ಗೆ. 2-4 ಸರ್ವಿಸ್ ಕೊಡುವವರ ಬಗ್ಗೆ. ಕಂಟ್ರೋಲರ್ ಒಂದಕ್ಕೆ 4-2 ಸಿಕ್ಕಿದೆ ಅಂದರೆ ಅದನ್ನು ಕೂರಿಸಿದ ಯಂತ್ರಕ್ಕೆ ಸಿಕ್ಕಿದೆ ಅಂತಲ್ಲ. ಎಷ್ಟೋ ಬ್ರೋಷರ್‌ಗಳಲ್ಲಿ ಇವೆರಡರ ನಡುವಿನ ಗೆರೆ ಅಳಿಸಿಹೋಗಿರುತ್ತದೆ.

ಭದ್ರತಾ ಮಟ್ಟ 1ರಿಂದ 4ರ ತನಕ ಇದೆ. ಮಟ್ಟ 1 ಅಂದರೆ ಗೊತ್ತಿಲ್ಲದೆ ಆಗುವ ತಪ್ಪಿನಿಂದ ರಕ್ಷಣೆ. 2 ಅಂದರೆ ಸಾಮಾನ್ಯ ಕೌಶಲದ, ಬೇಕೆಂದೇ ಮಾಡುವ ದಾಳಿಯಿಂದ. ಮೇಲೆ ಹೋದಂತೆ ದಾಳಿಕೋರರ ಜಾಣ್ಮೆ, ಸಂಪನ್ಮೂಲ ಜಾಸ್ತಿ ಅಂತ ಇಟ್ಟುಕೊಳ್ಳುತ್ತಾರೆ. ಒಬ್ಬರದು 1, ಇನ್ನೊಬ್ಬರದು 2 ಆಗಿದ್ದರೆ ಇಬ್ಬರೂ "ಸರ್ಟಿಫೈಡ್" ಅಂತಲೇ ಬರೆದುಕೊಳ್ಳುತ್ತಾರೆ, ಆದರೆ ಎರಡೂ ಒಂದೇ ಅಲ್ಲ.

ಒಂದನ್ನೇ ಆರಿಸು ಅಂದರೆ ನಾನು 4-1 ಆರಿಸುತ್ತೇನೆ. ಉತ್ಪನ್ನಗಳು ಬದಲಾಗುತ್ತವೆ, ಕೆಲಸ ಮಾಡುವ ಪದ್ಧತಿ ಉಳಿಯುತ್ತದೆ.

ನಮ್ಮ ಹತ್ತಿರ ಐಎಸ್‌ಒ 27001 ಇದೆ ಅನ್ನುತ್ತಾರಲ್ಲ?

ಒಳ್ಳೆಯದೇ. ಅದು ಕಂಪನಿ ತನ್ನ ಮಾಹಿತಿಯನ್ನು ಹೇಗೆ ಕಾಪಾಡಿಕೊಳ್ಳುತ್ತದೆ ಅನ್ನುವುದಕ್ಕೆ. ನಿಮ್ಮ ಯಂತ್ರದ ಬಗ್ಗೆ ಅದು ಏನೂ ಹೇಳುವುದಿಲ್ಲ. ಸರ್ಟಿಫಿಕೇಟ್‌ನಲ್ಲಿ 'ವ್ಯಾಪ್ತಿ' ಅನ್ನುವ ಸಾಲು ಓದಿ, ಕೆಲವೊಮ್ಮೆ ಬರೀ ಒಂದು ಡೇಟಾ ಸೆಂಟರ್‌ಗೆ ಸೀಮಿತವಾಗಿರುತ್ತದೆ.

ಹಿಂದೆ ದಾಳಿಗೆ ಒಳಗಾದ ಕಂಪನಿಯನ್ನು ಪಟ್ಟಿಯಿಂದ ತೆಗೆಯಬೇಕಾ?

ಬೇಡ. ದಾಳಿ ಆದಮೇಲೆ ಹೇಗೆ ನಡೆದುಕೊಂಡರು ಅಂತ ನೋಡಿ.

ನಾರ್ವೆಯ ನಾರ್ಸ್ಕ್ ಹೈಡ್ರೋ ಅಲ್ಯೂಮಿನಿಯಂ ಕಂಪನಿ, ಯಂತ್ರ ತಯಾರಕರಲ್ಲ, ಆದರೂ ಅಳತೆಗೋಲು ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ. 2019ರ ಮಾರ್ಚ್‌ನಲ್ಲಿ ಲಾಕರ್‌ಗೋಗಾ ರ‍್ಯಾನ್ಸಮ್‌ವೇರ್ ಅವರನ್ನು ಹಿಡಿಯಿತು. ಅವರು ಹಣ ಕೊಡಲಿಲ್ಲ. ಎಷ್ಟೋ ಕಡೆ ಕೈಯಿಂದ ಯಂತ್ರ ನಡೆಸಿದರು, ಬ್ಯಾಕಪ್‌ನಿಂದ ಒಂದೊಂದೇ ವ್ಯವಸ್ಥೆ ಮೇಲೆತ್ತಿದರು, ಏನಾಗುತ್ತಿದೆ ಅಂತ ಮೊದಲ ದಿನದಿಂದ ಬಹಿರಂಗವಾಗಿ ಹೇಳುತ್ತಾ ಹೋದರು. ಇಂಥ ಕಂಪನಿ, "ನಮಗೆ ಏನೂ ಆಗಿಲ್ಲ" ಅನ್ನುವ ಕಂಪನಿಗಿಂತ ಜಾಸ್ತಿ ಕಲಿತಿರುತ್ತದೆ. ತಯಾರಕರಿಗೆ ನೀವು ಕೇಳಬೇಕಾದ್ದು: ಅವತ್ತು ಗಿರಾಕಿಗಳಿಗೆ ಎಷ್ಟು ಗಂಟೆಯಲ್ಲಿ ತಿಳಿಸಿದಿರಿ? ರಿಮೋಟ್ ಸರ್ವಿಸ್ ಲೈನ್ ಕಡಿದಿರಾ? ಆಮೇಲೆ ಏನು ಬದಲಿಸಿದಿರಿ?

ಪ್ರಶ್ನಾವಳಿ ಕಳಿಸಿದೆವು, ಎಲ್ಲರೂ ಎಲ್ಲದಕ್ಕೂ 'ಹೌದು' ಅಂತ ಬರೆದಿದ್ದಾರೆ. ಈಗ?

ಹೌದು-ಇಲ್ಲ ಪ್ರಶ್ನೆ ಕೇಳಿದರೆ ಹೌದು ಅಂತಲೇ ಬರುತ್ತದೆ. "ಲೋಪ ನಿರ್ವಹಣಾ ಪದ್ಧತಿ ಇದೆಯಾ?" ಅನ್ನುವ ಬದಲು "ಹೋದ ಸಲ ಹೊರಗಿನವರು ಲೋಪ ತಿಳಿಸಿದ ತಾರೀಕು, ನೀವು ಪ್ಯಾಚ್ ಕೊಟ್ಟ ತಾರೀಕು ಹೇಳಿ" ಅಂತ ಕೇಳಿ. "ಫರ್ಮ್‌ವೇರ್‌ಗೆ ಸಹಿ ಇದೆಯಾ?" ಅನ್ನುವ ಬದಲು, ಫೈಲಿನಲ್ಲಿ ಒಂದು ಬೈಟ್ ಬದಲಿಸಿ ಲೋಡ್ ಮಾಡಿ ತೋರಿಸಿ ಅನ್ನಿ. ಕಂಟ್ರೋಲರ್ ಅದನ್ನು ತಿರಸ್ಕರಿಸಬೇಕು. ಐದು ನಿಮಿಷದ ಕೆಲಸ.

ನೀವೇ ಸುಮ್ನೆ ಒಂದು ಪರೀಕ್ಷೆ ಮಾಡಬಹುದು. ಅವರ ವೆಬ್‌ಸೈಟ್‌ನಲ್ಲಿ ಭದ್ರತಾ ಲೋಪ ತಿಳಿಸಲು ವಿಳಾಸ ಇದೆಯಾ ನೋಡಿ. 2022ರಿಂದ ಇದಕ್ಕೆ ಸೆಕ್ಯುರಿಟಿ ಡಾಟ್ ಟಿಎಕ್ಸ್‌ಟಿ ಅನ್ನುವ ಒಪ್ಪಿತ ಫೈಲ್ ಪದ್ಧತಿಯೇ ಇದೆ. ಆ ವಿಳಾಸಕ್ಕೆ ಒಂದು ಸಾದಾ ಪ್ರಶ್ನೆ ಕಳಿಸಿ. ಉತ್ತರ ಬರಲು ಎಷ್ಟು ದಿನ ಹಿಡಿಯಿತು, ಬರೆದವರು ಎಂಜಿನಿಯರಾ ಸೇಲ್ಸ್‌ನವರಾ ಗಮನಿಸಿ.

ಯಂತ್ರವನ್ನೇ ನೋಡಿ ತಿಳಿಯುವಂಥದ್ದು ಏನಾದರೂ ಇದೆಯಾ?

ಬೇಕಾದಷ್ಟಿದೆ. ಪಾಸ್‌ವರ್ಡ್‌ನಿಂದ ಶುರುಮಾಡಿ.

ಒಮ್ಮೆ ಪ್ಯಾಕಿಂಗ್ ಯಂತ್ರ ಒಂದರ ಎಫ್‌ಎಟಿಗೆ (ಯಂತ್ರ ಕಳಿಸುವ ಮುನ್ನ ತಯಾರಕರ ಫ್ಯಾಕ್ಟರಿಯಲ್ಲೇ ನಡೆಯುವ ಪರೀಕ್ಷೆ) ಹೋಗಿದ್ದೆ. ಎಂಜಿನಿಯರ್ ಎಚ್‌ಎಂಐನ ಸರ್ವಿಸ್ ಪುಟ ತೆರೆಯಲು ನಾಲ್ಕು ಅಂಕೆ ಒತ್ತಿದರು. ನನ್ನ ಎದುರಿಗೇ, ಮರೆಮಾಚದೆ. ಪಕ್ಕದಲ್ಲಿ ಇನ್ಯಾರೋ ಗಿರಾಕಿಗೆ ಹೋಗಬೇಕಾದ ಯಂತ್ರ ನಿಂತಿತ್ತು. ಅದಕ್ಕೂ ಇದೇನಾ ಅಂತ ಕೇಳಿದೆ. ಅವರು ಹೋಗಿ ಅದೇ ನಾಲ್ಕು ಅಂಕೆ ಒತ್ತಿದರು, ಪುಟ ತೆರೆಯಿತು. ಬದಲಿಸಿ ಕೊಡಿ ಅಂದಾಗ "ಬದಲಿಸಿದರೆ ನಮ್ಮ ಸರ್ವಿಸ್‌ನವರಿಗೆ ಕಷ್ಟ ಆಗತ್ತೆ ಸರ್" ಅಂದರು. ಆ ಒಂದು ವಾಕ್ಯ ಅವರು ತುಂಬಿ ಕಳಿಸಿದ್ದ ನಲವತ್ತು ಪುಟದ ಪ್ರಶ್ನಾವಳಿಗಿಂತ ಜಾಸ್ತಿ ಹೇಳಿತು.

ಇದು ಸಣ್ಣ ವಿಷಯ ಅಲ್ಲ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪಾದ ನೀರು ಸರಬರಾಜು ಸಂಸ್ಥೆಯಲ್ಲಿ ಯುನಿಟ್ರಾನಿಕ್ಸ್ ಪಿಎಲ್‌ಸಿ ಮೇಲೆ ದಾಳಿಯಾಯಿತು. ಇಂಥ ಪಿಎಲ್‌ಸಿಗಳು ಇಂಟರ್‌ನೆಟ್‌ಗೆ ನೇರವಾಗಿ ತೆರೆದುಕೊಂಡಿದ್ದವು, ಫ್ಯಾಕ್ಟರಿಯಿಂದ ಬರುತ್ತಿದ್ದ ಪಾಸ್‌ವರ್ಡ್ 1111. ಆಮೇಲೆ ತಯಾರಕರು ಪಾಸ್‌ವರ್ಡ್ ಬದಲಿಸಲೇಬೇಕಾದ ಹಾಗೆ ಅಪ್‌ಡೇಟ್ ಕೊಟ್ಟರು. ಮೊದಲ ಸಲ ಆನ್ ಮಾಡಿದಾಗಲೇ ಬದಲಿಸಲು ಒತ್ತಾಯಿಸುವ ಯಂತ್ರ, ಕೈಪಿಡಿಯಲ್ಲಿ "ದಯವಿಟ್ಟು ಬದಲಿಸಿ" ಅಂತ ಬರೆದ ಯಂತ್ರ, ಎರಡಕ್ಕೂ ಅಜಗಜಾಂತರ.

ಆಮೇಲೆ ನೆಟ್‌ವರ್ಕ್ ಮಾತು. ಸಾಧನಗಳು ಪರಸ್ಪರ ಮಾತಾಡುವ ಮಾಡ್‌ಬಸ್ ಭಾಷೆ 1979ರದು, ಅದರಲ್ಲಿ ನೀನು ಯಾರು ಅಂತ ಕೇಳುವ ಪದ್ಧತಿಯೇ ಇಲ್ಲ. ಇವತ್ತಿಗೂ ಬಳಕೆಯಲ್ಲಿದೆ, ಇದ್ದರೆ ತಪ್ಪೂ ಅಲ್ಲ, ಆದರೆ ಯಂತ್ರದ ಒಳಗಡೆಯೇ ಉಳಿಯಬೇಕು. ಅದಕ್ಕಿಂತ ಹೊಸ ಭಾಷೆಯಾದ ಒಪಿಸಿ ಯುಎ ಇದೆ ಅಂದರೆ ಸಹಿ, ಎನ್‌ಕ್ರಿಪ್ಶನ್ ಆನ್ ಆಗಿ ಬರುತ್ತದಾ ಅಂತ ಕೇಳಿ. ಅದರಲ್ಲಿ ಭದ್ರತೆ ಪೂರ್ತಿ ಆಫ್ ಇಡುವ ಆಯ್ಕೆಯೂ ಇದೆ.

ರಿಮೋಟ್ ಸರ್ವಿಸ್ ಬೇಡವೇ ಬೇಡ ಅನ್ನಬೇಕಾ?

ರಾತ್ರಿ ಎರಡು ಗಂಟೆಗೆ ಲೈನ್ ನಿಂತಾಗ ಬೇಕಾಗುತ್ತದೆ. ಬೇಡ ಅನ್ನುವ ಬದಲು ಯಾರ ಕೈಯಲ್ಲಿ ಸ್ವಿಚ್ ಇದೆ ಅಂತ ಕೇಳಿ. ಪ್ಯಾನೆಲ್ ಬಾಗಿಲಿನ ಮೇಲೆ ಕೀ ಸ್ವಿಚ್ ಇಟ್ಟು, ನಿಮ್ಮ ಆಪರೇಟರ್ ತಿರುಗಿಸಿದರೆ ಮಾತ್ರ ವಿಪಿಎನ್ (ಹೊರಗಿನಿಂದ ಒಳಗೆ ಬರುವ ಸುರಕ್ಷಿತ ದಾರಿ) ತೆರೆಯುವ ಹಾಗೆ ರೂಟರ್‌ಗೆ ವೈರ್ ಮಾಡಿಕೊಡುವ ತಯಾರಕರಿದ್ದಾರೆ. ಕಡಿಮೆ ಖರ್ಚು, ಕಣ್ಣಿಗೆ ಕಾಣುತ್ತದೆ, ಯಾರಿಗೂ ವಿವರಿಸಬೇಕಿಲ್ಲ. ಇನ್ನು ಕೆಲವರು ಸಿಮ್ ಹಾಕಿದ ರೂಟರ್ ಅನ್ನು ಸದಾ ಆನ್ ಇಟ್ಟು ಕಳಿಸುತ್ತಾರೆ, ಡ್ರಾಯಿಂಗ್‌ನಲ್ಲಿ ಅದರ ಹೆಸರೂ ಇರುವುದಿಲ್ಲ. ಪ್ಯಾನೆಲ್ ತಲೆ ಮೇಲೆ ಆಂಟೆನಾ ಇದೆಯಾ ನೋಡಿ.

ಇನ್ನೆರಡು ಪ್ರಶ್ನೆ. ಪ್ರತಿ ಸರ್ವಿಸ್ ಎಂಜಿನಿಯರ್‌ಗೂ ಸ್ವಂತ ಅಕೌಂಟ್, ಎರಡನೇ ಹಂತದ ದೃಢೀಕರಣ ಇದೆಯಾ? ಅವರು ಕೆಲಸ ಬಿಟ್ಟ ದಿನ ಅದು ಮುಚ್ಚುತ್ತದಾ? 2021ರಲ್ಲಿ ಅಮೆರಿಕದ ಇಂಧನ ಸಾಗಣೆ ಕಂಪನಿ ಕಲೋನಿಯಲ್ ಪೈಪ್‌ಲೈನ್‌ಗೆ ದಾಳಿಕೋರರು ನುಗ್ಗಿದ್ದು ಎರಡನೇ ಹಂತದ ದೃಢೀಕರಣ ಇಲ್ಲದ ಒಂದು ಹಳೇ ವಿಪಿಎನ್ ಅಕೌಂಟ್‌ನಿಂದ.

ಎಷ್ಟು ವರ್ಷ ಪ್ಯಾಚ್ ಕೊಡುತ್ತಾರೆ ಅನ್ನುವುದು ಅಷ್ಟು ಮುಖ್ಯವಾ?

ಯಂತ್ರ ಇಪ್ಪತ್ತು ವರ್ಷ ಓಡುತ್ತದೆ, ಅದರೊಳಗಿನ ಪಿಸಿ ಅಷ್ಟು ವರ್ಷ ಬಾಳುವುದಿಲ್ಲ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು, ಸಾಮಾನ್ಯ ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ. ಆದರೆ ವಿಂಡೋಸ್ 10 ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಅನ್ನುವ ಆವೃತ್ತಿಗೆ 2032ರ ಜನವರಿ ತನಕ ಬೆಂಬಲವಿದೆ. ಹೆಸರು ಹತ್ತಿರ ಹತ್ತಿರ ಒಂದೇ, ವ್ಯತ್ಯಾಸ ಆರು ವರ್ಷದ ಮೇಲೆ. ಕೊಟೇಶನ್‌ನಲ್ಲಿ 'ವಿಂಡೋಸ್ 10' ಅಂತ ಮಾತ್ರ ಇದ್ದರೆ ಪೂರ್ತಿ ಹೆಸರು ಬರೆಸಿಕೊಳ್ಳಿ.

ಯುರೋಪಿನ ಹೊಸ ಕಾನೂನಿನಿಂದ ಹೋಲಿಕೆ ಸುಲಭ ಆಗುತ್ತದಾ?

ಆಗುತ್ತದೆ. ಸೈಬರ್ ರೆಸಿಲಿಯನ್ಸ್ ಆಕ್ಟ್ 2024ರ ಡಿಸೆಂಬರ್ 10ರಂದು ಜಾರಿಗೆ ಬಂತು. ದಾಳಿಕೋರರು ಈಗಾಗಲೇ ಬಳಸುತ್ತಿರುವ ಲೋಪ ಗೊತ್ತಾದರೆ 24 ಗಂಟೆಯೊಳಗೆ ಮೊದಲ ಎಚ್ಚರಿಕೆ, 72 ಗಂಟೆಯೊಳಗೆ ವಿವರ ಕೊಡಬೇಕು ಅನ್ನುವ ನಿಯಮಕ್ಕೆ 2026ರ ಸೆಪ್ಟೆಂಬರ್ 11 ಅಂತ ತಾರೀಕು ಇಟ್ಟಿದ್ದಾರೆ, ಉಳಿದ ಮುಖ್ಯ ನಿಯಮಗಳಿಗೆ 2027ರ ಡಿಸೆಂಬರ್ 11. ಸಾಫ್ಟ್‌ವೇರ್ ಒಳಗಿನ ಘಟಕಗಳ ಪಟ್ಟಿ, ಅಂದರೆ ಎಸ್‌ಬಿಒಎಂ, ತಯಾರಿಸಲೇಬೇಕು. ಭದ್ರತಾ ಬೆಂಬಲ ಸಾಮಾನ್ಯವಾಗಿ ಕನಿಷ್ಠ 5 ವರ್ಷ. ದಂಡ 1.5 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ. 2.5, ಯಾವುದು ಜಾಸ್ತಿಯೋ ಅದರ ತನಕ. ಯಂತ್ರಗಳ ಹೊಸ ನಿಯಮಾವಳಿಯಲ್ಲೂ ಕಂಟ್ರೋಲ್ ವ್ಯವಸ್ಥೆಯನ್ನು ಯಾರೂ ಕೆಡಿಸದಂತೆ ಕಾಯಬೇಕು ಅನ್ನುವ ಅಂಶ ಸೇರಿದೆ.

ನೀವು ಯುರೋಪಿನಲ್ಲಿ ಇಲ್ಲದಿದ್ದರೂ ಇದು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಮಾರುವ ತಯಾರಕರು ಹೇಗೂ ಈ ಕೆಲಸ ಮಾಡಲೇಬೇಕು. ಅಲ್ಲಿನ ಗಿರಾಕಿಗೆ ಕೊಡುವ ಆವೃತ್ತಿಯನ್ನೇ ನಮಗೂ ಕೊಡುತ್ತೀರಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಸಣ್ಣ ತಯಾರಕರನ್ನು ದೊಡ್ಡವರ ಜೊತೆ ಹೋಲಿಸುವುದು ಅನ್ಯಾಯ ಅಲ್ವಾ?

ಮೂವತ್ತು ಜನರ ಕಂಪನಿಗೆ ಪ್ರತ್ಯೇಕ ಭದ್ರತಾ ತಂಡ ಇರುವುದಿಲ್ಲ, ಅದನ್ನು ನಿರೀಕ್ಷಿಸುವುದೂ ತಪ್ಪು. ಆದರೆ ಪಾಸ್‌ವರ್ಡ್ ಬದಲಿಸಿ ಕೊಡಲು, ಕೀ ಸ್ವಿಚ್ ಹಾಕಲು, ಪಿಎಲ್‌ಸಿ ಪ್ರೋಗ್ರಾಂನ ಬ್ಯಾಕಪ್ ಕೈಗಿಡಲು ದೊಡ್ಡ ತಂಡ ಬೇಕಿಲ್ಲ. ಲೋಪದ ಸೂಚನೆ ಬರೆಯಲು ನೆರವು ಬೇಕಿದ್ದರೆ ಜರ್ಮನಿಯ ಸರ್ಟ್-ವಿಡಿಇ ಥರದ ಸಂಸ್ಥೆ ಹಲವು ಆಟೋಮೇಶನ್ ತಯಾರಕರ ಪರವಾಗಿ ಆ ಕೆಲಸ ನಡೆಸಿಕೊಡುತ್ತದೆ. ತಾವೇ ಬರೆಯದ ಭಾಗ ಯಾವುದು, ಅದು ಯಾರದು ಅಂತ ಸಣ್ಣವರು ನೇರವಾಗಿ ಹೇಳಿದರೆ ನನಗೆ ಅಷ್ಟೇ ಸಾಕು.

ಎಲ್ಲವನ್ನೂ ಕೂಡಿಸಿ ಒಟ್ಟು ಅಂಕ ಕೊಡಬಹುದಾ?

ನಾನು ಕೊಡುವುದಿಲ್ಲ. ಸರ್ಟಿಫಿಕೇಟ್‌ನಲ್ಲಿ 10, ಪಾಸ್‌ವರ್ಡ್‌ನಲ್ಲಿ 0 ಬಂದರೆ ಸರಾಸರಿ 5 ಅಂತ ಹಾಕಿ ಮುಂದೆ ಹೋಗುವುದು ಅಪಾಯ. ಮೊದಲು ದಾಟಲೇಬೇಕಾದ ಗೆರೆಗಳನ್ನು ಇಡಿ: ಬದಲಿಸಲಾಗದ ಪಾಸ್‌ವರ್ಡ್ ಇದ್ದರೆ ಹೊರಗೆ, ನಾವು ಮುಚ್ಚಲಾಗದ ರಿಮೋಟ್ ದಾರಿ ಇದ್ದರೆ ಹೊರಗೆ, ಲೋಪ ತಿಳಿಸಲು ವಿಳಾಸವೇ ಇಲ್ಲದಿದ್ದರೆ ಹೊರಗೆ. ಉಳಿದವರನ್ನು ಮೇಲೆ ಹೇಳಿದ ತಾರೀಕುಗಳ ಪಟ್ಟಿಯಿಂದ ಸಾಲಾಗಿ ನಿಲ್ಲಿಸಿ.

ಯಂತ್ರ ಈಗಾಗಲೇ ಕೊಂಡಾಗಿದೆ. ಈಗ ಏನು ಮಾಡುವುದು?

ಪ್ಯಾನೆಲ್ ತೆರೆಸಿ, ಒಳಗಿರುವ ಪ್ರತಿ ಸಾಧನದ ಮಾಡೆಲ್, ಫರ್ಮ್‌ವೇರ್ ಆವೃತ್ತಿ ಬರೆದುಕೊಳ್ಳಿ. ಅವುಗಳ ತಯಾರಕರ ಭದ್ರತಾ ಸೂಚನೆಗಳಿಗೆ ಇಮೇಲ್ ಹಾಕಿ ಸೇರಿಕೊಳ್ಳಿ, ಪುಕ್ಕಟೆ. ಕೀ 'ರನ್'ನಲ್ಲಿದೆಯಾ ನೋಡಿ, ಕೀಲಿಯನ್ನು ತೆಗೆದು ಬೇರೆ ಕಡೆ ಇಡಿ. ಪಿಎಲ್‌ಸಿ, ಎಚ್‌ಎಂಐ, ಡ್ರೈವ್‌ಗಳ ಪ್ಯಾರಾಮೀಟರ್ ಎಲ್ಲದರ ಬ್ಯಾಕಪ್ ತೆಗೆದು ನೆಟ್‌ವರ್ಕ್‌ಗೆ ಸೇರದ ಡಿಸ್ಕ್‌ನಲ್ಲಿ ಇಡಿ, ಮತ್ತು ಮುಂದಿನ ಶಟ್‌ಡೌನ್‌ನಲ್ಲಿ ಅದರಿಂದ ಯಂತ್ರವನ್ನು ನಿಜವಾಗಿಯೂ ಎಬ್ಬಿಸಿ ನೋಡಿ. ಎಷ್ಟು ಗಂಟೆ ಹಿಡಿಯಿತು ಅನ್ನುವುದನ್ನು ಪ್ಯಾನೆಲ್ ಬಾಗಿಲಿನ ಒಳಗಡೆ ತಾರೀಕು ಸಮೇತ ಬರೆದು ಅಂಟಿಸಿ.